ಗೆಡ್ಡೆಯ ಪಂಚಾಂಗ

ಬಾಲ್ಕನಿಯ ಮೂಲೆಯಲ್ಲಿಟ್ಟ ಕುಂಡವನ್ನು ಅಮ್ಮ ಮೊದಲ ಸಲ ಕಂಡಾಗ ಬಗ್ಗಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಹಲಸಿನ ಹಣ್ಣಿನ ಹದ ನೋಡುವವರ ಹಾಗೆ ಕಿವಿಗೊಟ್ಟು ಕೇಳಿದಳು. ಆಮೇಲೆ, “ಸುವರ್ಣಗೆಡ್ಡೆಗೆ ಎಷ್ಟು ಕೊಟ್ಟೆಯೇ? ಒಣಗಿಹೋಗಿದೆಯಲ್ಲ” ಅಂದಳು.

ಎಷ್ಟು ಕೊಟ್ಟೆ ಎಂಬುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಗಂಡನಿಗೆ ಹೇಳಿದ್ದು ಅದರ ಮೂರನೇ ಒಂದು ಪಾಲು. ಅಮ್ಮನಿಗೆ ಹೇಳಿದ್ದು ಗಂಡನಿಗೆ ಹೇಳಿದ್ದರ ಮೂರನೇ ಒಂದು ಪಾಲು. ಅಷ್ಟಕ್ಕೇ ಅವಳು, “ಆ ದುಡ್ಡಿಗೆ ಹಿರಿಯೂರು ಸಂತೇಲಿ ಒಂದು ಮೂಟೆ ಬರ್ತಿತ್ತು” ಎಂದು ಲೊಚಗುಟ್ಟಿದಳು.

ಅಮ್ಮನ ಮಾತು ಪೂರ್ತಿ ತಪ್ಪೂ ಅಲ್ಲ. ಇಂಗ್ಲಿಷಿನವರು ನಮ್ಮ ಸುವರ್ಣಗೆಡ್ಡೆಯನ್ನು ಕರೆಯುವುದೇ ಆನೆಕಾಲಿನ ಗೆಣಸು ಎಂದು. ನನ್ನ ಕುಂಡದಲ್ಲಿ ಕೂತಿದ್ದ ಮಹಾಶಯನ ಶಾಸ್ತ್ರೀಯ ಹೆಸರು ಡಯಾಸ್ಕೋರಿಯ ಎಲಿಫೆಂಟಿಪೆಸ್. ಅಲ್ಲೂ ಅದೇ ಆನೆ, ಅದೇ ಕಾಲು. ಆದರೆ ಸುವರ್ಣಗೆಡ್ಡೆ ಕೆಸುವಿನ ಬಳಗದ್ದು, ಗೆಣಸು ಅನ್ನಿಸಿಕೊಂಡಿದ್ದರೂ ಗೆಣಸಲ್ಲ. ಇದು ಮಾತ್ರ ಅಪ್ಪಟ ಗೆಣಸು, ಮಲೆನಾಡಿನ ಕಾಡುಗೆಣಸು, ತೂಣಗೆಣಸುಗಳಿಗೆ ದಾಯಾದಿ. ಹುಟ್ಟೂರು ದಕ್ಷಿಣ ಆಫ್ರಿಕದ ಕೇಪ್ ಸೀಮೆಯ ಒಣ ಕಲ್ಲುಗುಡ್ಡಗಳು. ಅಲ್ಲಿಯ ಖೋಯ್ ಜನ ಒಂದು ಕಾಲಕ್ಕೆ ಇದರ ಒಳತಿರುಳನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಿದ್ದರಂತೆ. ಇಷ್ಟು ಹೇಳಿದ್ದೇ ತಡ, ಅಮ್ಮ ಮತ್ತೆ ಕುಂಡದ ಕಡೆ ತಿರುಗಿದಳು. ಕಣ್ಣಲ್ಲಿ ಹುಣಸೆಹಣ್ಣು ನೆನೆಹಾಕುವ ಲೆಕ್ಕಾಚಾರ ಕಾಣುತ್ತಿತ್ತು.

ನನ್ನದು ಮೊಸರಿನ ಕುಡಿಕೆಯನ್ನು ಬೋರಲು ಹಾಕಿದಷ್ಟು ಗಾತ್ರದ್ದು. ಮೈಮೇಲೆಲ್ಲ ಐದು, ಆರು, ಏಳು ಮೂಲೆಯ ಬಿಲ್ಲೆಗಳು, ಬಿಲ್ಲೆ ಬಿಲ್ಲೆಯ ನಡುವೆ ಉಗುರು ಇಳಿಯುವಷ್ಟು ಆಳದ ಬಿರುಕು. ಭೂತಗನ್ನಡಿ ಹಿಡಿದರೆ ಒಂದೊಂದು ಬಿಲ್ಲೆಯೂ ತಲೆಕೆಳಗು ಮಾಡಿಟ್ಟ ಕಲ್ಯಾಣಿಯಂತೆ, ಮೆಟ್ಟಿಲು ಮೆಟ್ಟಿಲು. ತುದಿಯ ಪುಟ್ಟ ಮೆಟ್ಟಿಲು ಎಲ್ಲಕ್ಕಿಂತ ಹಳೆಯದು, ಬುಡದ ಅಗಲ ಮೆಟ್ಟಿಲು ಹೋದ ವರ್ಷದ್ದು. ಗೆಡ್ಡೆ ಒಳಗಿನಿಂದ ಉಬ್ಬಿದಂತೆಲ್ಲ ಹೊರಗಿನ ತೊಗಟೆ ಸಾಲದೆ ಬಿರಿಯುತ್ತದೆ, ಬಿರಿದಲ್ಲಿ ಹೊಸ ಪದರ ಕೂಡುತ್ತದೆ. ನೋಡಿದರೆ ಕಲ್ಲು, ಮುಟ್ಟಿದರೆ ಬೆಂಡು. ಮಧ್ಯಾಹ್ನದ ಬಿಸಿಲು ಹೋದಮೇಲೂ ಸ್ವಲ್ಪ ಹೊತ್ತು ಬೆಚ್ಚಗೇ ಇರುತ್ತದೆ, ಮಲಗಿದ ಹಸುವಿನ ಬೆನ್ನಿನಂತೆ. ಹಿಂದೆ ಇದನ್ನು ಟೆಸ್ಟುಡಿನೇರಿಯ ಎಂದೂ ಕರೆಯುತ್ತಿದ್ದರು. ಲ್ಯಾಟಿನ್‌ನಲ್ಲಿ ಟೆಸ್ಟುಡೊ ಅಂದರೆ ಆಮೆ. ಆನೆಗಿಂತ ಆಮೆಯ ಹೋಲಿಕೆಯೇ ನನಗೆ ಸರಿ ಕಾಣುತ್ತದೆ. ಚಿಪ್ಪಿನಿಂದಷ್ಟೇ ಅಲ್ಲ, ನಡಿಗೆಯಿಂದಲೂ. ಬೀಜದಿಂದ ಬೆಳೆಸಿದರೆ ಐದಾರು ವರ್ಷಕ್ಕೆ ನಿಂಬೆಹಣ್ಣಿನಷ್ಟಾದರೆ ಪುಣ್ಯ. ತವರಿನಲ್ಲಿ ಮಾತ್ರ ಒಂದು ಮೀಟರಿನಷ್ಟು ಬೆಳೆದ ಮುದುಕರಿದ್ದಾರೆ.

ಇಂಥ ಬುಡಕ್ಕೆ ಹವ್ಯಾಸಿಗಳು ‘ಕಾಡೆಕ್ಸ್’ ಅನ್ನುತ್ತಾರೆ. ನನಗೆ ಗೆಡ್ಡೆ ಎಂಬುದೇ ಸಾಕು. ಆಲೂಗೆಡ್ಡೆಯಂತೆ ಮಣ್ಣಿನೊಳಗೆ ಮುಖ ಮುಚ್ಚಿಕೊಂಡಿರದೆ, ಹೊಟ್ಟೆಯನ್ನು ಜಗತ್ತಿಗೆ ತೋರಿಸಿಕೊಂಡು ಜಗಲಿಯ ಮೇಲೆ ಕುಂತ ಗೆಡ್ಡೆ. ಯೋಚಿಸಿದರೆ ಇದರಲ್ಲೊಂದು ಗೃಹಸ್ಥ ಬುದ್ಧಿವಂತಿಕೆ ಇದೆ. ಒಣಸೀಮೆಯಲ್ಲಿ ಬಳ್ಳಿಯಾಗಿ ಹುಟ್ಟುವುದೇ ಕಷ್ಟದ ಜನ್ಮ. ಮರಕ್ಕಾದರೆ ಕಾಂಡವಿದೆ, ಕಳ್ಳಿಗೆ ಮೈಯೇ ಕೊಡ. ಬಳ್ಳಿಯ ಸೊಂಟವೋ ದಾರದಷ್ಟು, ನೀರು ಕೂಡಿಡಲು ಜಾಗವೆಲ್ಲಿ? ಆದ್ದರಿಂದ ಗಳಿಸಿದ್ದನ್ನೆಲ್ಲ ಬುಡದಲ್ಲಿ ಇಡುಗಂಟು ಮಾಡಿ, ಬರ ಬಂದಾಗ ಬಳ್ಳಿಯನ್ನು ಒಣಗಿಸಿ ಬಿಸಾಕಿ, ಮಳೆ ಬಂದಾಗ ಹೊಸದನ್ನು ಬಿಡುವುದು. ಈ ಉಪಾಯ ಒಂದು ಮನೆತನದ ಸೊತ್ತೂ ಅಲ್ಲ. ಗೆಣಸಿನ ಬಳಗ, ದ್ರಾಕ್ಷಿಯ ಬಳಗ, ಎಕ್ಕದ ಬಳಗ, ತೊಂಡೆಯ ಬಳಗ, ಅಮೃತಬಳ್ಳಿಯ ಬಳಗ ಹೀಗೆ ಒಂದಕ್ಕೊಂದು ಹೆಣ್ಣು ಕೊಟ್ಟು ತಂದಿಲ್ಲದ ಮನೆತನಗಳು ತಮ್ಮ ತಮ್ಮ ಪಾಡಿಗೆ ಇದನ್ನೇ ಕಂಡುಕೊಂಡಿವೆ.

ಮನೆಯಲ್ಲಿ ಸಾಕಲು ಇವು ಬಲು ಸುಲಭ ಎಂದು ಮಾರುವವರು ಹೇಳುತ್ತಾರೆ. ವಾಸ್ತವದಲ್ಲಿ ಇವನ್ನು ಸಾಯಿಸುವುದು ಸುಲಭ, ಅದೂ ಪ್ರೀತಿಯಿಂದ. ನಮ್ಮಂಥವರಿಗೆ ಗಿಡವೆಂದರೆ ನೀರು. ಬೆಳಿಗ್ಗೆ ಎದ್ದು ಚೊಂಬು ಹಿಡಿದು ತುಳಸಿಗೆ ಎರೆದ ಕೈ ಅಲ್ಲಿಗೇ ನಿಲ್ಲುವುದಿಲ್ಲ, ಪಕ್ಕದ ಕುಂಡದ ಮೇಲೂ ಒಂದಿಷ್ಟು ಬೀಳುತ್ತದೆ. ಮನೆಗೆಲಸಕ್ಕೆ ಬರುವಾಕೆಗೂ ಬಾಡಿದ್ದನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ. “ಪಾಪ ಅಕ್ಕಾ, ಒಣಗ್ತಾ ಐತೆ” ಎಂದು ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ ಅರ್ಧ ಬಕೆಟ್ ಸುರಿದುಬಿಡುತ್ತಾಳೆ. ಅದಕ್ಕಾಗಿ ನಾನು ಕುಂಡಕ್ಕೆ ‘ನೀರು ಹಾಕಬೇಡಿ’ ಎಂದು ಬರೆದ ಚೀಟಿ ಅಂಟಿಸಿದೆ. ಅದನ್ನು ಓದಿದ ಪಕ್ಕದ ಮನೆಯ ಹಿರಿಯರೊಬ್ಬರು, “ಏನಮ್ಮಾ, ಗಿಡಕ್ಕೂ ಪಥ್ಯವೇ?” ಎಂದು ಕೇಳಿದರು. ಹೌದು, ಪಥ್ಯವೇ.

ಪಥ್ಯದ ದಿನಗಳನ್ನು ನಮ್ಮ ಪಂಚಾಂಗ ನೋಡಿ ಹೇಳುವಂತಿಲ್ಲ ಎಂಬುದೇ ನನ್ನ ಪಾಡು. ಆನೆಕಾಲಿನದು ಚಳಿಗಾಲದ ಬೆಳೆ. ನಮಗೆಲ್ಲ ಬೇಸಿಗೆ ಕಳೆದು ಮಳೆ ಬಿದ್ದು ಲೋಕವೇ ಚಿಗುರುವಾಗ ಅದು ಗೊರಕೆ ಹೊಡೆಯುತ್ತಿರುತ್ತದೆ. ಗಣೇಶನ ಹಬ್ಬದ ಆಸುಪಾಸಿನಲ್ಲಿ ರಾತ್ರಿಗಳು ತುಸು ತಣ್ಣಗಾದಾಗ ಕಣ್ಣು ಬಿಡುತ್ತದೆ, ಸಂಕ್ರಾಂತಿಯವರೆಗೂ ಮೆರೆಯುತ್ತದೆ, ಯುಗಾದಿಯ ಹೊತ್ತಿಗೆ ಎಲೆ ಹಳದಿಯಾಗಿ ಬಳ್ಳಿ ಒಣಗಿ ಉದುರುತ್ತದೆ. ಬೇವು ಬೆಲ್ಲ ತಿನ್ನುವ ದಿನ ನಾನು ಅದರ ಕಸ ಗುಡಿಸುತ್ತಿರುತ್ತೇನೆ. ಅಲ್ಲಿಂದ ಮುಂದೆ ನಾಲ್ಕೈದು ತಿಂಗಳು ಒಣ ಉಪವಾಸ. ಆ ಅವಧಿಯಲ್ಲೇ ಬೆಂಗಳೂರಿನ ಗುಡುಗು ಮಳೆ, ಆಮೇಲೆ ಮುಂಗಾರು. ಎರಚಲು ಬಡಿಯುತ್ತದೆಂದು ಜನ ಒಗೆದ ಬಟ್ಟೆ ಎತ್ತಿಕೊಂಡು ಓಡುವಾಗ ನಾನು ಕುಂಡ ಎತ್ತಿಕೊಂಡು ಓಡುತ್ತೇನೆ. ಬಟ್ಟೆ ನೆನೆಯುತ್ತದೆ. ಇದರ ಬಗ್ಗೆ ಮನೆಯಲ್ಲಿ ಒಂದೆರಡು ಮಾತು ಬಂದದ್ದುಂಟು.

ಈಗ ನನ್ನ ಪಾಪದ ಕಥೆ. ಆನೆಕಾಲಿಗಿಂತ ಮೊದಲು ನಾನು ಕೊಂಡದ್ದು ಸ್ಟೆಫಾನಿಯ. ಥಾಯ್ಲೆಂಡ್ ಕಡೆಯ ಕಾಡಿನದು. ಚಿತ್ರದಲ್ಲಿ ಅದನ್ನು ಕಂಡರೆ ಯಾರಿಗಾದರೂ ಆಸೆಯಾಗಬೇಕು. ದುಂಡನೆ ಕಂದು ಗುಂಡು, ನೆತ್ತಿಯಿಂದ ಕೂದಲಿನಂಥ ನಾಲ್ಕಾರು ಎಳೆ, ಎಳೆಗಳ ತುದಿಯಲ್ಲಿ ನಾಣ್ಯದಂಥ ಎಲೆಗಳು. ಎಲೆಯ ತೊಟ್ಟು ಅಂಚಿಗೆ ಸೇರದೆ ನಡುವಿಗೇ ನೆಟ್ಟಿರುತ್ತದೆ, ಕಮಲದ ಎಲೆಗೆ ಇರುವಂತೆ, ಅಥವಾ ಕೊಡೆಯ ಕೋಲಿನಂತೆ. ಅಮೃತಬಳ್ಳಿಗೂ ನಮ್ಮ ಹಾಡೆಬಳ್ಳಿಗೂ ಹತ್ತಿರದ ನಂಟು. ಆದರೆ ಕೊರಿಯರಿನಲ್ಲಿ ಬಂದದ್ದು ಹಾಳೆಯಲ್ಲಿ ಸುತ್ತಿದ ಒಂದು ಆಲೂಗೆಡ್ಡೆ. ಬೇರಿಲ್ಲ, ಚಿಗುರಿಲ್ಲ, ತಲೆ ಯಾವುದು ಬುಡ ಯಾವುದು ಎಂಬ ಗುರುತಿಲ್ಲ. ಕಳಿಸಿದವನಿಗೆ ಫೋನು ಮಾಡಿದೆ. “ಹೇಗಿಟ್ಟರೂ ಬರುತ್ತೆ ಮೇಡಂ” ಅಂದ. ನರ್ಸರಿಯಿಂದ ತಂದ ಕೆಮ್ಮಣ್ಣು, ತೆಂಗಿನನಾರಿನ ಪುಡಿ ಹಾಕಿ, ಅಂದಾಜಿನ ಮೇಲೆ ನೆಟ್ಟು, ಮೇಲೆ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಅಡುಗೆಮನೆಯ ಕಿಟಕಿಯಲ್ಲಿಟ್ಟೆ.

ಒಂದು ತಿಂಗಳಾಯಿತು. ಎರಡಾಯಿತು. ಗಂಡ ಪ್ರತಿ ಭಾನುವಾರ ಕಾಫಿ ಲೋಟ ಹಿಡಿದು ಬಂದು, ಡಬ್ಬಿ ಎತ್ತಿ ನೋಡಿ, ಆಸ್ಪತ್ರೆಯಲ್ಲಿ ನೆಂಟರನ್ನು ನೋಡಿ ಬಂದವರ ಮುಖ ಮಾಡಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಕಿಟಕಿ ಒರೆಸಲು ಕುಂಡವೆತ್ತಿದರೆ, ಕೆಳಗಿನ ತೂತಿನಿಂದ ಬಿಳಿಚಿದ ಎಳೆಯೊಂದು ಇಳಿಬಿದ್ದಿದೆ! ಬೇರಲ್ಲ, ತುದಿಯಲ್ಲಿ ಮಡಿಸಿದ ಒಂದು ಪುಟ್ಟ ಎಲೆಯಿತ್ತು. ಪಾಪದ್ದು, ಎರಡು ತಿಂಗಳು ತಲೆಕೆಳಗಾಗಿ ನೇತಾಡುತ್ತಾ ಕತ್ತಲಲ್ಲೇ ದಾರಿ ಹುಡುಕಿ ಆ ತೂತಿಗೆ ಬಂದು ತಲುಪಿತ್ತು. ಸಂಭ್ರಮದಿಂದ ಕಿತ್ತು ತಿರುಗಿಸಿ ನೆಟ್ಟೆ, ಸಂಭ್ರಮದಿಂದಲೇ ನೀರೂ ಹಾಕಿದೆ. ತೆಂಗಿನನಾರಿನ ಪುಡಿ ಕುಡಿದ ನೀರನ್ನು ಬಿಡುವ ಜಾತಿಯದಲ್ಲ. ಮೂರನೆಯ ವಾರ ಅಡುಗೆಮನೆಯಲ್ಲಿ ವಾಸನೆ. ಈರುಳ್ಳಿ ಬುಟ್ಟಿ ಸೋಸಿದೆವು, ಸಿಂಕಿನ ಕೆಳಗೆ ನೋಡಿದೆವು. ಕೊನೆಗೆ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಗೇ ಹೋಯಿತು.

ಆ ವಾಸನೆಗಿಂತ ಆಮೇಲೆ ಕಾಡಿದ್ದು ಬೇರೆ. ಅಷ್ಟು ದುಂಡನೆಯ, ಮೈಮೇಲೆ ಕಲ್ಲಿನ ಒತ್ತು ಬಿದ್ದ ಗೆಡ್ಡೆ ಯಾವ ನರ್ಸರಿಯಲ್ಲೂ ಬೆಳೆದದ್ದಿರಲಾರದು. ಯಾರೋ ಯಾವುದೋ ಬೆಟ್ಟದ ಬಂಡೆಸಂದಿಯಿಂದ ಅಗೆದು ತಂದದ್ದು. ಅಲ್ಲಿ ಅದಕ್ಕೆ ಎಷ್ಟು ಮಳೆಗಾಲವಾಗಿತ್ತೋ. ನಮ್ಮಲ್ಲೂ ಹೀಗೇ ಆಗಿದೆ. ಹಿಮಾಲಯದ ಡಯಾಸ್ಕೋರಿಯ ಡೆಲ್ಟಾಯ್ಡಿಯ ಎಂಬ ಕಾಡುಗೆಣಸನ್ನು ಔಷಧಿಗಾಗಿ ಅಗೆದೂ ಅಗೆದೂ, ಕೊನೆಗೆ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಬೇಕಾಯಿತು. ಆದ್ದರಿಂದ ಆನೆಕಾಲು ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಬೇಕೆಂದು ಹಟ ಹಿಡಿದೆ. ಬೆಲೆ ಬಾಯಿಬಿಟ್ಟು ಹೇಳಲಾರದಷ್ಟಾದದ್ದು ಅದಕ್ಕೇ. ಬೇರೊಬ್ಬರು ಹದಿನೈದು ವರ್ಷ ನೀರು ಹಾಕಿದ, ಅದಕ್ಕಿಂತ ಹೆಚ್ಚಾಗಿ ನೀರು ಹಾಕದೆ ಕಾದ, ಕೂಲಿ ಅದು. ಮಣ್ಣನ್ನೂ ಬದಲಿಸಿದೆ. ಈಗ ನನ್ನ ಕುಂಡದಲ್ಲಿರುವುದು ಇಟ್ಟಿಗೆ ಚೂರು, ಜರಡಿ ಹಿಡಿದ ಸಣ್ಣ ಜಲ್ಲಿ, ಇದ್ದಿಲು, ಮೇಲಿಷ್ಟು ಎಲೆಗೊಬ್ಬರ. ನೀರು ಹಾಕಿದರೆ ಮಾತಾಡಿಸದೆ ಹೋಗುವ ನೆಂಟನಂತೆ ಕೆಳಗಿನಿಂದ ಹೊರಟುಹೋಗಬೇಕು. ಮನೆ ಕಟ್ಟುತ್ತಿದ್ದ ಕಡೆ ಚೀಲ ಹಿಡಿದು ಜಲ್ಲಿ ಆಯುತ್ತಿದ್ದ ನನ್ನನ್ನು ಮೇಸ್ತ್ರಿ ಎಷ್ಟು ಕನಿಕರದಿಂದ ನೋಡಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಔಷಧಿಯ ಮಾತು ಬಂತಲ್ಲ. ಆನೆಕಾಲಿಗೆ ಮೆಕ್ಸಿಕೊದಲ್ಲಿ ಒಬ್ಬ ಅಣ್ಣನಿದ್ದಾನೆ, ಡಯಾಸ್ಕೋರಿಯ ಮೆಕ್ಸಿಕಾನ. ಅದೇ ಆಮೆಚಿಪ್ಪು, ಅದೇ ಬಳ್ಳಿ. 1942ರಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನವಿಜ್ಞಾನಿ ಪುಸ್ತಕವೊಂದರಲ್ಲಿ ಕಂಡ ಈ ಗೆಡ್ಡೆಯ ಚಿತ್ರದ ಬೆನ್ನು ಹತ್ತಿ ವೆರಾಕ್ರೂಜ್ ಸೀಮೆಗೆ ಹೋದ. ಅದರೊಳಗಿನ ಡಯಾಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರಾನ್ ತಯಾರಿಸಿದ. ಆಗ ಅದು ಚಿನ್ನಕ್ಕಿಂತ ತುಟ್ಟಿಯಾಗಿದ್ದ ಹಾರ್ಮೋನು. ತಯಾರಾದ ಸರಕನ್ನು ಜಾಡಿಗಳಲ್ಲಿ ತುಂಬಿ, ಸುದ್ದಿಪತ್ರಿಕೆಯಲ್ಲಿ ಸುತ್ತಿ, ಮೆಕ್ಸಿಕೊ ನಗರದ ಒಂದು ಔಷಧ ಕಂಪನಿಯ ಬಾಗಿಲಿಗೆ ಹೊತ್ತು ತಂದನಂತೆ. 1944ರಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿತು. ಅದರ ಪ್ರಯೋಗಾಲಯದಲ್ಲೇ 1951ರಲ್ಲಿ ಗರ್ಭನಿರೋಧಕ ಗುಳಿಗೆಯ ಮೂಲವಸ್ತುಗಳಲ್ಲೊಂದಾದ ನಾರ್‌ಎಥಿಸ್ಟರಾನ್ ಸಿದ್ಧವಾಯಿತು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದಾಗ, ಎಂಟು ಮಕ್ಕಳ ತಾಯಿಯ ಮಗಳಾದ ಅಮ್ಮ ತುತ್ತು ನಿಲ್ಲಿಸಿ, “ನಮ್ಮವ್ವನ ಕಾಲಕ್ಕೆ ಈ ಗೆಣಸು ಎಲ್ಲಿ ಹೋಗಿತ್ತು?” ಎಂದು ಕೇಳಿದಳು.

ಅಮ್ಮ ಬಂದದ್ದು ಮಂಡಿನೋವಿಗೆ ತೋರಿಸಲು, ಮೇ ತಿಂಗಳಲ್ಲಿ. ಹದಿನೈದು ದಿನದ ಮಾತು ಐದು ತಿಂಗಳಾಯಿತು. ಮೂರನೆಯ ಮಹಡಿ, ಲಿಫ್ಟು ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಹೀಗಾಗಿ ಅವಳ ಲೋಕ ಬಾಲ್ಕನಿಯ ಬೆತ್ತದ ಕುರ್ಚಿಗೆ ಇಳಿಯಿತು. ಎದುರಿಗೆ ನನ್ನ ಮಲಗಿದ ಗೆಡ್ಡೆ. ದಿನವೂ ಅದನ್ನೇ ನೋಡಿ ನೋಡಿ ಒಂದು ಸಂಜೆ, “ನಮ್ಮನೇಲಿ ಕಟ್ತಿದ್ವಲ್ಲೇ, ಆಕಾಶಗರುಡ. ಅದರ ಹಾಗೇ ಇದೂನೂ” ಅಂದಳು.

ಅಂದಾಗಲೇ ನನಗೆ ನೆನಪಾದದ್ದು. ಊರಿನ ಮನೆಯ ತಲೆಬಾಗಿಲ ಮೇಲೆ ಹಗ್ಗ ಕಟ್ಟಿ ತೂಗುಹಾಕಿದ ಗೆಡ್ಡೆ. ಬೇರುನಾರು ಮಾರುವವರು ಹೊತ್ತು ತರುತ್ತಿದ್ದರು. ಹಾವು ಬರುವುದಿಲ್ಲ, ದೃಷ್ಟಿ ತಾಗುವುದಿಲ್ಲ ಎಂದು ಕಟ್ಟುವುದು. ಮಣ್ಣಿಲ್ಲ, ಹನಿ ನೀರಿಲ್ಲ, ಆದರೂ ನೇತಾಡುತ್ತಲೇ ಅದು ಚಿಗುರುತ್ತಿತ್ತು. ಎಳೆ ಎಳೆಯಾಗಿ ಬಳ್ಳಿ ಹೊರಟು, ಕುಡಿಬಳ್ಳಿ ಚಾಚಿ ಜಂತೆಗೆ ಸುತ್ತಿಕೊಳ್ಳುತ್ತಿತ್ತು. ಶಾಲೆಯಿಂದ ಬಂದು ಚೀಲ ಎಸೆಯುವ ಮೊದಲು ತಲೆಯೆತ್ತಿ ನೋಡುವುದು ನಮ್ಮ ರೂಢಿ. ಯಾರ ದೃಷ್ಟಿಯಾದರೂ ಬಿದ್ದರೆ ಅದು ಬಾಡುತ್ತದೆಂದು ಅಜ್ಜಿ ಹೇಳುತ್ತಿದ್ದಳು. ಒಮ್ಮೆ ಬಾಡಿದಾಗ ಯಾವ ನೆಂಟರು ಬಂದುಹೋಗಿದ್ದರೆಂದು ಲೆಕ್ಕ ಹಾಕಿ, ಆಮೇಲೆ ಅವರ ಮನೆಯ ಮದುವೆಗೆ ಹೋಗಲೋ ಬೇಡವೋ ಎಂಬಲ್ಲಿಗೆ ಬಂದಿತ್ತು. ಅದರ ಶಾಸ್ತ್ರೀಯ ಹೆಸರು ಕೊರಾಲೊಕಾರ್ಪಸ್ ಎಪಿಜಿಯಸ್, ಹವಳದಂಥ ಕಾಯಿಯದು ಎಂದರ್ಥ. ತೊಂಡೆಯ ಬಳಗ, ನಾಗದೊಂಡೆ ಎಂದೂ ಹೆಸರುಂಟು. ಅಂದರೆ ಗೆಡ್ಡೆ ಕುಂತ, ಬಳ್ಳಿ ಹಬ್ಬಿದ ಮನೆಗಿಡವನ್ನು ನಮ್ಮ ಜನ ಯಾವ ಹವ್ಯಾಸಿ ಸಂಘವೂ ಇಲ್ಲದೆ, ಕುಂಡವನ್ನೂ ಕೊಳ್ಳದೆ, ಬಾಗಿಲಿಗೇ ಕಟ್ಟಿಕೊಂಡು ಬಂದಿದ್ದರು. ನಾನು ಆಫ್ರಿಕದಿಂದ ಶುರುಮಾಡಿ ಸುತ್ತಿ ಬಂದು ಅಲ್ಲಿಗೇ ಸೇರಿದೆ. ಇಟ್ಟುಕೊಳ್ಳಬೇಕೆಂದು ಹುಡುಕಿದರೆ ಈಗ ಅದೂ ಅಗೆದು ತಂದದ್ದೇ ಸಿಗುವುದು. ಬೇಡವೆಂದು ಬಿಟ್ಟೆ.

ಆನೆಕಾಲು ಎದ್ದದ್ದನ್ನು ಮೊದಲು ಕಂಡವಳೂ ಅಮ್ಮನೇ. ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ. “ಇಲ್ಲಿ ಬಾರೇ, ಮೊಳೆ ಬಂದಿದೆ” ಎಂದು ಕೂಗಿದಳು. ಮೊಳಕೆಯಲ್ಲ, ನಿಜಕ್ಕೂ ಮೊಳೆಯೇ: ಬಿಲ್ಲೆಗಳ ನಡುವೆ ನೆತ್ತಿಯ ಹತ್ತಿರ ನೇರಳೆ ಬಣ್ಣಕ್ಕೆ ತಿರುಗಿದ ಒಂದು ಮೊನೆ. ಚೀಟಿ ತೆಗೆದೆ, ಮೊದಲ ಲೋಟ ನೀರನ್ನು ಅಮ್ಮನ ಕೈಯಲ್ಲೇ ಹಾಕಿಸಿದೆ. ವಾರದಲ್ಲಿ ಅದು ಮೊಣಕೈ ಉದ್ದವಾಯಿತು. ಇನ್ನೂ ಎಲೆಯಿಲ್ಲ, ಬರೀ ಬಳ್ಳಿ, ತುದಿ ತುಸು ಬಾಗಿ ಏನನ್ನೋ ಹುಡುಕುತ್ತಾ. ಆಸರೆಗೆಂದು ಬಿದಿರುಕಡ್ಡಿ ತರುತ್ತೇನೆ, ಇವತ್ತು ತರುತ್ತೇನೆ, ನಾಳೆ ತರುತ್ತೇನೆ ಅನ್ನುತ್ತಿದ್ದೆ.

“ಇದು ಸುತ್ತುತ್ತೆ ಕಣೇ” ಎಂದಳು ಅಮ್ಮ ಒಂದು ದಿನ. “ತಿಂಡಿ ತಿನ್ನೋವಾಗ ಆ ಮನೆ ಕಡೆ ನೋಡ್ತಿತ್ತು. ಈಗ ನಿನ್ನ ಅಡುಗೆಮನೆ ಕಡೆ ನೋಡ್ತಿದೆ.” ನಾನು ನಂಬದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ತುದಿಯ ನೆರಳು ಬಿದ್ದಲ್ಲಿ ಹಾಕಿದರೆ ಸೂರ್ಯನೂ ತಿರುಗುತ್ತಾನಲ್ಲ ಎಂದು ಹೊಳೆದು, ದಾರಕ್ಕೆ ಗುಂಡಿ ಕಟ್ಟಿ ತುದಿಯ ಕೆಳಗೆ ತೂಗಿ ಹಿಡಿದು ಗುರುತು ಹಾಕಿದೆವು. ಊಟದ ಹೊತ್ತಿಗೆ ಸೀಮೆಸುಣ್ಣದ ಚುಕ್ಕಿಗಳು ರಂಗೋಲಿಯಂತೆ ಒಂದು ಸುತ್ತು ಬಂದು ಕೂಡಿದ್ದವು.

ಈ ಕೆಲಸವನ್ನು ನಮಗಿಂತ ಮೊದಲು ಇನ್ನೂ ಅಚ್ಚುಕಟ್ಟಾಗಿ ಮಾಡಿದ ಒಬ್ಬ ರೋಗಿಷ್ಟನಿದ್ದ, ಚಾರ್ಲ್ಸ್ ಡಾರ್ವಿನ್. 1860ರ ದಶಕದಲ್ಲಿ ಕಾಯಿಲೆ ಬಿದ್ದು ಕೋಣೆ ಬಿಟ್ಟು ಹೊರಡಲಾಗದಿದ್ದಾಗ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಕುಂಡವೊಂದನ್ನು ಒಳಗಿರಿಸಿಕೊಂಡು ಹಗಲೂ ರಾತ್ರಿ ಅದರ ತುದಿ ತಿರುಗುವುದನ್ನು ಗಡಿಯಾರ ಹಿಡಿದು ನೋಡಿದ. ಸರಾಸರಿ ಸುತ್ತಿಗೆ 2 ಗಂಟೆ 8 ನಿಮಿಷ. ಆಮೇಲೆ ಶ್ರೀಲಂಕಾದ ಸೆರೊಪೀಜಿಯ ಬಳ್ಳಿಯೊಂದರ ಸರದಿ. ಈ ಸೆರೊಪೀಜಿಯಗಳು ಎಕ್ಕದ ಬಳಗ, ಪಶ್ಚಿಮಘಟ್ಟದಲ್ಲಿ ಗೆಡ್ಡೆ ಬಿಡುವ ಎಷ್ಟೋ ಬಗೆ ಇವೆ. ಡಾರ್ವಿನ್ನನ ಬಳ್ಳಿ 31 ಇಂಚು ಉದ್ದ ಚಾಚಿಕೊಂಡು ಐದಡಿಗೂ ಮಿಕ್ಕ ಅಗಲದ ವೃತ್ತವನ್ನು ಗಾಳಿಯಲ್ಲಿ ಬರೆಯುತ್ತಿತ್ತು, ಹಿಡಿಯಲು ಏನಾದರೂ ಸಿಕ್ಕೀತೆಂದು. 1865ರಲ್ಲಿ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಇದನ್ನೆಲ್ಲ ಅಚ್ಚು ಹಾಕಿಸಿದ. ಇಷ್ಟನ್ನೂ ಕೇಳಿದ ಅಮ್ಮ, “ಅವನಿಗೂ ಮಂಡೀನಾ?” ಎಂದಳು. ಹೊಟ್ಟೆಯದೆಂದೆ. “ಹಂಗಾದ್ರೆ ರಾತ್ರಿಯೆಲ್ಲ ಎದ್ದಿರ್ತಿದ್ದ ಬಿಡು” ಎಂದು ತೀರ್ಮಾನ ಕೊಟ್ಟಳು.

ಹೀಗೆ ಸುತ್ತುತ್ತಾ ಹಬ್ಬುತ್ತಾ ಇವು ಎಷ್ಟು ಕಾಲ ಬದುಕುತ್ತವೆ ಎಂದು ಒಮ್ಮೆ ಗಂಡ ಕೇಳಿದರು, ಬಹುಶಃ ಕೊಟ್ಟ ದುಡ್ಡನ್ನು ವರ್ಷಗಳಿಂದ ಭಾಗಿಸುವ ಉದ್ದೇಶದಿಂದ. ವಿಯೆನ್ನಾದ ಷಾನ್‌ಬ್ರುನ್ ಅರಮನೆಯ ತೋಟದಲ್ಲಿ ಫಾಕಿಯ ಎಂಬ ಇಂಥದೇ ಗೆಡ್ಡೆಬಳ್ಳಿಯೊಂದಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಆಫ್ರಿಕದಿಂದ ಹಡಗು ಹತ್ತಿ ಬಂದದ್ದು. ಅದು ಕುಂಡದಲ್ಲಿ ಕೂತಿದ್ದಂತೆಯೇ ನೆಪೋಲಿಯನ್ 1805ರಲ್ಲಿ ಒಮ್ಮೆ, 1809ರಲ್ಲಿ ಇನ್ನೊಮ್ಮೆ ಆ ಅರಮನೆಗೆ ಬಂದು ಬಿಡಾರ ಹೂಡಿ ಹೋದ. ಆಮೇಲೆ ಚಕ್ರವರ್ತಿಗಳೂ ಹೋದರು, ಸಾಮ್ರಾಜ್ಯವೂ ಹೋಯಿತು. ಗಂಡ ಭಾಗಾಕಾರ ಮಾಡಿ, “ಪರವಾಗಿಲ್ಲ, ವರ್ಷಕ್ಕೆ ಹನ್ನೆರಡು ರೂಪಾಯಿ ಬಿತ್ತು” ಅಂದರು. ನಾನು ಹೇಳಿದ ಬೆಲೆಯ ಮೇಲೆ ಅವರ ಲೆಕ್ಕ. ನಾನು ಸುಮ್ಮನಿದ್ದೆ.

ಬಿದಿರುಕಡ್ಡಿ ತಂದದ್ದು ದಸರೆಗೆ ನಾಲ್ಕು ದಿನ ಮುಂಚೆ. ಅಷ್ಟರಲ್ಲಿ ತಡವಾಗಿತ್ತು. ಅಮ್ಮ ಮಧ್ಯಾಹ್ನ ಕುರ್ಚಿಯಲ್ಲೇ ಜೋಂಪು ಹತ್ತಿ ಮಲಗಿದ್ದಳು. ಪಕ್ಕದ ಕಂಬಿಗೆ ಒರಗಿಸಿಟ್ಟ ಅವಳ ಊರುಗೋಲಿಗೆ ಬಳ್ಳಿ ಎರಡು ಸುತ್ತು ಹಾಕಿ ಮೂರನೆಯದಕ್ಕೆ ಹೊರಟಿತ್ತು. ತುದಿಯಲ್ಲಿ ಮೊದಲ ಎಲೆ ಬಿಚ್ಚಿತ್ತು, ಮಗುವಿನ ಅಂಗೈಗೆ ಸಾಲುವಷ್ಟು ಚಿಕ್ಕ ವೀಳ್ಯದೆಲೆಯಂಥದು. ಎಳೆಯ ಬಳ್ಳಿ ಮುರಿದರೆ ಆ ವರ್ಷದ ಬೆಳವಣಿಗೆಗೇ ಪೆಟ್ಟು. ಬಿಚ್ಚಲು ಕೂತೆ. ಬೆರಳು ನಡುಗಿತು. ಅಷ್ಟರಲ್ಲಿ ಅಮ್ಮನಿಗೆ ಎಚ್ಚರವಾಯಿತು. ಕಾಫಿಯ ಹೊತ್ತು. ಕೈ ಅಭ್ಯಾಸದಂತೆ ಕೋಲಿನ ಕಡೆ ಹೋಗಿ, ಅರ್ಧದಲ್ಲೇ ನಿಂತಿತು.

“ಇರ್ಲಿ ಬಿಡು” ಎಂದಳು. ಕುರ್ಚಿಯ ಕೈ ಊರಿ ಎದ್ದು, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿ, “ನಾಳೆ ಬೇರೆ ಕೋಲು ತಗೊಂಡು ಬಾ. ಇದರಷ್ಟು ದುಡ್ಡು ಕೊಡಬೇಡ” ಅಂದಳು.